ಸೈನಿಕನ ಮನಸ್ಸಿಗೂ ಗಾಯವಾಗುತ್ತದೆ

ರಜೆಯ ಮೇಲೆ ಊರಿಗೆ ಬಂದಿದ್ದ ಹವಾಲ್ದಾರರೊಬ್ಬರು ಪತ್ನಿಯೊಂದಿಗೆ ನನ್ನ ಬಳಿ ಬಂದಿದ್ದರು. ತಲೆನೋವು, ಎದೆಯುರಿ, ನಿದ್ದೆಯಿಲ್ಲ ಎಂಬುದು ಅವರ ದೂರು. ರಕ್ತದೊತ್ತಡ, ಇ.ಸಿ.ಜಿ. ಎರಡೂ ಸರಿಯಾಗಿದ್ದವು. ಅವರು ಹೊರಗೆ ಹೋದ ಮೇಲೆ ಪತ್ನಿ ಮೆಲ್ಲಗೆ ಹೇಳಿದರು: "ರಾತ್ರಿ ಬೆಚ್ಚಿ ಎದ್ದು ಕೂರ್ತಾರೆ ಡಾಕ್ಟ್ರೇ. ಪಟಾಕಿ ಸದ್ದಾದರೆ ಮೈಯೆಲ್ಲ ಬೆವರುತ್ತೆ. ಆದರೆ ಚೀಟೀಲಿ ಅದೇನೂ ಬರೀಬೇಡಿ, ಕೆಲಸಕ್ಕೆ ತೊಂದರೆಯಾಗುತ್ತೆ. ನಿದ್ದೆ ಮಾತ್ರೆ ಕೊಟ್ಟರೆ ಸಾಕು."

ಮಕ್ಕಳನ್ನು ಮಿಲಿಟರಿಗೆ ಕಳುಹಿಸಿದ ಅನೇಕ ಮನೆಗಳಲ್ಲಿ ಇಂಥ ಗುಟ್ಟು ಇರುತ್ತದೆ. ಸೈನಿಕನೆಂದರೆ ಎದೆಗಾರ, ಅವನಿಗೆಂಥ ಮನೋರೋಗ ಎಂಬುದು ನಮ್ಮ ಭಾವನೆ. ಮನೋವೈದ್ಯರೆಂದರೆ ಹುಚ್ಚರ ಡಾಕ್ಟರು ಎಂಬ ತಿಳಿವಳಿಕೆಯೂ ಪೂರ್ತಿ ಹೋಗಿಲ್ಲ.

ಈ ಬೇನೆ ಹೊಸದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದೆಯೂ ನಡುಗುವ, ಮಾತು ನಿಂತುಹೋದ ಸೈನಿಕರನ್ನು ಕಂಡು 1915ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ವೈದ್ಯರು 'ಶೆಲ್ ಶಾಕ್' ಎಂಬ ಹೆಸರಿನಲ್ಲಿ ಅದನ್ನು ವರ್ಣಿಸಿದರು. ಆ ಯುದ್ಧದಲ್ಲಿ ಹೇಡಿತನ, ಪಲಾಯನದಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನವರನ್ನೇ ಗುಂಡಿಟ್ಟು ಕೊಂದಿತ್ತು. ಅಂಥ 306 ಮಂದಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ. ಅವರಲ್ಲಿ ಕೆಲವರಿಗಾದರೂ ಈ ಕಾಯಿಲೆಯಿತ್ತೆಂದು ಈಗ ನಂಬಲಾಗಿದೆ.

ನಮ್ಮ ಸೈನಿಕರ ಮನಸ್ಸು ಕೆಡಲು ಗುಂಡಿನ ಸದ್ದೇ ಬೇಕಿಲ್ಲ. ತಿಂಗಳುಗಟ್ಟಲೆ ಅರೆನಿದ್ದೆ, ಸಿಗದ ರಜೆ, ಊರಿನಲ್ಲಿ ಜಮೀನಿನ ವ್ಯಾಜ್ಯ, ಹೆಂಡತಿ ಮಕ್ಕಳಿಂದ ದೂರ ಇರುವ ಕೊರಗು, ಇವೆಲ್ಲ ಸೇರಿ ಖಿನ್ನತೆ ತರಬಹುದು. ಅದು ಸಿಡುಕಾಗಿ, ಮೌನವಾಗಿ, ಕ್ಯಾಂಟೀನ್ ರಮ್ಮಿನ ಹೆಚ್ಚುವರಿ ಪೆಗ್ಗಾಗಿ ಕಾಣಿಸಿಕೊಳ್ಳುತ್ತದೆ.

ಕೆಲಸಕ್ಕೆ ತೊಂದರೆಯಾಗುತ್ತದೆಂಬ ಭಯ ಸುಳ್ಳೇ? ಪೂರ್ತಿ ಸುಳ್ಳಲ್ಲ. ಸೇನೆಯಲ್ಲಿ 'ಶೇಪ್' ಎಂಬ ಪದ್ಧತಿಯಿಂದ ಆರೋಗ್ಯವನ್ನು ಅಳೆಯುತ್ತಾರೆ. ಅದರ ಮೊದಲ ಅಕ್ಷರವೇ ಮನಸ್ಸಿನದು. ಉಳಿದವು ಕಿವಿ, ಕೈಕಾಲು, ದೇಹಶಕ್ತಿ, ಕಣ್ಣುಗಳವು. ಕೆಟಗರಿ ಇಳಿದರೆ ಬಡ್ತಿಗೆ, ಪೋಸ್ಟಿಂಗಿಗೆ ತೊಡಕಾಗಬಹುದು. ಆದರೆ ತಾತ್ಕಾಲಿಕ ಕೆಟಗರಿ ಎಂಬುದೂ ಇದೆ. ಗೊತ್ತಾದ ಅವಧಿಯ ನಂತರ ಮರುಪರೀಕ್ಷೆ ನಡೆದು, ಗುಣವಾಗಿದ್ದರೆ ಮೇಲಕ್ಕೇರಿಸುತ್ತಾರೆ. ಕಾಲು ಮುರಿದುಕೊಂಡವನಿಗೂ ಇದೇ ಕ್ರಮ. ಬೇಗ ಹೇಳಿಕೊಂಡವನು ಗುಣವಾಗಿ ಕೆಲಸಕ್ಕೆ ಮರಳುವ ಸಂಭವ ಹೆಚ್ಚು. ಮುಚ್ಚಿಟ್ಟು, ಕುಡಿದು, ಕೊನೆಗೆ ಡ್ಯೂಟಿಯಲ್ಲೇ ಕುಸಿದವನ ಪಾಡು ಬೇರೆ.

ಇನ್ನು ನಿದ್ದೆ ಮಾತ್ರೆಯ ವಿಷಯ. ಅಂಗಡಿಯಲ್ಲಿ ಗುಟ್ಟಾಗಿ ಕೊಂಡ ಆಲ್ಪ್ರಜೋಲಾಂ ಕೆಲವೇ ವಾರಗಳಲ್ಲಿ ಚಟವಾಗಬಲ್ಲದು. ದಿನವೂ ನುಂಗಿ ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ರಮ್ಮಿನ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಮನೋವೈದ್ಯರು ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಹಾಗೆ ಚಟ ಹಿಡಿಸುವಂಥವಲ್ಲ. ಆದರೆ ಅವು ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು. ಆದ್ದರಿಂದ ರಜೆ ಮುಗಿಯುವ ಹಿಂದಿನ ದಿನ ಕರೆತಂದರೆ ನಾನೇನೂ ಮಾಡಲಾರೆ. ಬಂದ ಮೊದಲ ವಾರದಲ್ಲೇ ಕರೆತನ್ನಿ.

ಸೈನ್ಯದ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ನಿವೃತ್ತರಿಗೆ ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್ ದಾರಿ ತೋರಿಸುತ್ತದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದರ ಸೇನಾ ವಿಭಾಗವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.

"ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಗದರಬೇಡಿ. "ಸಾಯುವ ಯೋಚನೆ ಬರುತ್ತಿದೆಯೇ" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಕೋವಿಯಿದ್ದರೆ, ಕೊಡಗಿನ ಕಡೆ ಇದು ಸಾಮಾನ್ಯ, ಅದು ಅವರ ಕೈಗೆ ಸಿಗದಂತೆ ಅಂದೇ ವ್ಯವಸ್ಥೆ ಮಾಡಿ.