ಕೈಕೆಲಸದ ಸಾಮಾನುಗಳಿಗೆ ತಕ್ಕ ಜಾತ್ರೆಯನ್ನು ಆರಿಸುವ ಕ್ರಮ

ಬೇಸಾಯದ ಕೆಲಸವು ಕಡಮೆಯಿರುವ ತಿಂಗಳುಗಳಲ್ಲಿ ಕಂಬಳಿ ನೇಯುವುದು, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು ಮೊದಲಾದ ಉಪಕಸಬುಗಳು ಅನೇಕ ರೈತ ಕುಟುಂಬಗಳಿಗೆ ಆಧಾರವಾಗಿವೆ. ಆದರೆ ಸಾಮಾನು ಚೆನ್ನಾಗಿದ್ದರೂ ಅದನ್ನು ಜಾತ್ರೆಯಿಂದ ಹಾಗೆಯೇ ಹೊತ್ತು ತಂದು, ಬಿತ್ತನೆಯ ಬೀಜಕ್ಕೆಂದು ಇಟ್ಟ ಹಣವನ್ನು ಗಾಡಿಬಾಡಿಗೆಗೆ ತೆತ್ತವರುಂಟು. ಇದು ಬಹುಮಟ್ಟಿಗೆ ಕೈಕೆಲಸದ ದೋಷವಲ್ಲ. ಸ್ಥಳವನ್ನು ವಿಚಾರಿಸದೆ ಹೊರಟುದರ ಫಲ.

ಮೊದಲನೆಯದಾಗಿ, ಜನರು ಎಷ್ಟು ಸೇರುವರೆಂಬುದಕ್ಕಿಂತ ಏತಕ್ಕಾಗಿ ಸೇರುವರೆಂಬುದನ್ನು ನೋಡತಕ್ಕದ್ದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿಯನ್ನು ಕೊಂಡ ರೈತನಿಗೆ ಅದನ್ನು ಊರಿಗೆ ಹೊಡೆದುಕೊಂಡು ಹೋಗಲು ಒಡನೆಯೇ ಹಗ್ಗ, ಮೂಗುದಾರ ಬೇಕು. ಗೆಜ್ಜೆ, ಹಣೆಪಟ್ಟಿಗಳಿಗೂ ಅಲ್ಲಿ ಗಿರಾಕಿಯುಂಟು. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯು ಪುಷ್ಯ ಹುಣ್ಣಿಮೆಯಿಂದ ಹಲವು ದಿನ ನಡೆಯುವುದು. ಅಲ್ಲಿ ಜನರು ಮನೆಯ ಬಾಗಿಲು ಚೌಕಟ್ಟುಗಳನ್ನು ಸಹ ಕೊಳ್ಳುವರು. ಬೆಂಗಳೂರು ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಮಕ್ಕಳೊಡನೆ ಬರುವವರೇ ಹೆಚ್ಚು. ಚನ್ನಪಟ್ಟಣದ ಬಣ್ಣದ ಆಟಿಕೆಯಂತಹ ಕೈಯಲ್ಲಿ ಹಿಡಿದು ಒಯ್ಯಬಹುದಾದ ಸಣ್ಣ ಸಾಮಾನು ಅಲ್ಲಿಗೆ ಒಪ್ಪುವುದು.

ಎರಡನೆಯದು ಕಾಲ. ಕಂಬಳಿಯು ಮಳೆಗೂ ಚಳಿಗೂ ಮುಂಚೆ ಬೇಕಾಗುವ ವಸ್ತು. ಬಿಸಿಲು ಬಲಿತ ಮೇಲೆ ಅದನ್ನು ಕೇಳುವವರು ವಿರಳ.

ಮೂರನೆಯದು ಲೆಕ್ಕ. ಒಬ್ಬ ನೇಕಾರನಿಗೆ ನೂಲು, ನೇಯ್ಗೆಯ ಕೂಲಿ ಕಳೆದು ಕಂಬಳಿಯೊಂದಕ್ಕೆ 320 ರೂಪಾಯಿ ಉಳಿಯುವುದೆಂದು ಭಾವಿಸೋಣ. ದೂರದ ಜಾತ್ರೆಗೆ ಇಬ್ಬರು ಮೂರು ದಿನ ಹೋದಲ್ಲಿ ಸಾಗಾಣಿಕೆ 1,800, ನೆಲಬಾಡಿಗೆ 700, ಊಟ 900, ತಪ್ಪಿದ ಕೂಲಿ 3,000, ಒಟ್ಟು 6,400 ರೂಪಾಯಿ ಖರ್ಚು. ಅಂದರೆ 20 ಕಂಬಳಿಗಳು ಮಾರಿದರೆ ಖರ್ಚು ಮಾತ್ರ ಗಿಟ್ಟುವುದು, ಲಾಭವು 21ನೆಯದರಿಂದ. ಹತ್ತಿರದ ಸಂತೆಗೆ ಒಬ್ಬನೇ ಹೋಗಿಬರಲು ಎಲ್ಲ ಸೇರಿ 960 ರೂಪಾಯಿ ತಗಲಿದರೆ, ಮೂರರಲ್ಲಿಯೇ ಖರ್ಚು ತೀರಿ ನಾಲ್ಕನೆಯದು ಲಾಭಕ್ಕೆ ನಿಲ್ಲುವುದು. ತಪ್ಪಿದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದವನು ನಷ್ಟವನ್ನೇ ಲಾಭವೆಂದು ತಿಳಿಯುವನು.

ಆದಕಾರಣ ಹೊಸ ಜಾತ್ರೆಗೆ ಮೊದಲ ವರ್ಷ ಬರಿಗೈಯಲ್ಲಿ ಹೋಗಿ ನೋಡಿಬರುವುದು ಒಳ್ಳೆಯದು. ಅದೇ ಬಗೆಯ ಸಾಮಾನಿನ ಅಂಗಡಿಗಳೆಷ್ಟು, ಬೆಲೆಯೆಷ್ಟು, ಮಳೆ ಬಂದರೆ ಸರಕಿಗೆ ಮರೆಯುಂಟೆ, ಸಂಜೆಗೆ ಯಾವುದು ಮಾರಾಟವಾಗದೆ ಉಳಿಯಿತು ಎಂಬುದನ್ನು ಗಮನಿಸಬೇಕು. ಎರಡನೆಯ ವರ್ಷ ಸ್ವಲ್ಪವೇ ಸರಕನ್ನು ಒಯ್ದು, ಪ್ರತಿದಿನದ ಮಾರಾಟವನ್ನೂ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಅಕ್ಕಪಕ್ಕದ ನಾಲ್ವರು ಕೂಡಿ ಒಂದೇ ಗಾಡಿಯಲ್ಲಿ ಸಾಗಿಸಿದರೆ ಬಾಡಿಗೆಯು ಹಂಚಿಹೋಗುವುದು.

ಹೊಲಕ್ಕೆ ತಕ್ಕ ಬೀಜವನ್ನು ಆರಿಸುವ ರೈತನು ಸರಕಿಗೆ ತಕ್ಕ ಜಾತ್ರೆಯನ್ನು ಆರಿಸಲಾರದವನೇನಲ್ಲ. ಮೂರು ವರ್ಷ ತಪ್ಪದೆ ಬರೆದಿಟ್ಟ ಲೆಕ್ಕವೇ ಅವನಿಗೆ ಹೋಗತಕ್ಕ ದಾರಿಯನ್ನು ತೋರಿಸುವುದು.