ಆಡಿದವರು ಮತ್ತು ಬರೆದವರು

ಆಟಗಾರನ ಕೀರ್ತಿ ಅವನ ತೋಳಿನಲ್ಲಿದೆ ಎಂಬುದು ಅರ್ಧ ಸತ್ಯ; ಉಳಿದರ್ಧ, ಅದನ್ನು ಕಂಡು ಬರೆದವನ ಲೇಖನಿಯಲ್ಲಿದೆ.

ಮೈಸೂರಿನಲ್ಲಿ 1945ರಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರರ ಬಲಗೈ ಬಾಲ್ಯದಲ್ಲಿಯೇ ಪೋಲಿಯೊ ಬೇನೆಯಿಂದ ಸೊರಗಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಹಿಂದಿರುಗಿಸಲು ಅವರು ಎಡಗೈಯನ್ನೇ ನೆಚ್ಚಿದರು. ಆದರೆ ಬೌಲಿಂಗಿಗೆ ಆ ಸೊರಗಿದ ಬಲಗೈಯೇ ಆಯುಧವಾಯಿತು. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅದು 38 ಓಟಗಳಿಗೆ 6 ವಿಕೆಟ್ಟುಗಳನ್ನು ಉರುಳಿಸಿತು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊತ್ತಮೊದಲ ಟೆಸ್ಟ್ ವಿಜಯವನ್ನು ಪಡೆಯಿತು. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ಟುಗಳು 242. ದಾಂಡು ಹಿಡಿದು ಗಳಿಸಿದ ಓಟಗಳು ಕೇವಲ 167!

ಅಂಕಿಗಳನ್ನು ದಾಖಲೆಯ ಪುಸ್ತಕ ಕಾಪಾಡೀತು, ಮನುಷ್ಯನನ್ನು ಕಾಪಾಡುವವರಾರು? ಆ ಹೊಣೆ ಹೊತ್ತವರಲ್ಲಿ ರಾಜನ್ ಬಾಲ ಒಬ್ಬರು. ಇಂಗ್ಲಿಷ್ ಪತ್ರಿಕೆಗಳಲ್ಲಿ ದಶಕಗಳ ಕಾಲ ಕ್ರಿಕೆಟ್ ವರದಿಗಳನ್ನು ಬರೆದ ಅವರು ಚಂದ್ರಶೇಖರರ ಜೀವನಚರಿತ್ರೆಯನ್ನೂ ರಚಿಸಿದರು. 2009ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು, ಗ್ರಂಥ ಉಳಿದಿದೆ.

ಕ್ರೀಡಾ ಪತ್ರಕರ್ತನ ಮಾತಿಗೆ ಮೂರು ಬಗೆಯ ಆಯುಸ್ಸು. ವರದಿ ಮರುದಿನ ಹಳತಾಗುತ್ತದೆ. ಬಾನುಲಿಯ ವೀಕ್ಷಕ ವಿವರಣೆ ಆ ಕ್ಷಣಕ್ಕೇ ಗಾಳಿಯಲ್ಲಿ ಕರಗುತ್ತದೆ. ಆದರೆ ಮೈದಾನವನ್ನೇ ಕಾಣದವನಿಗೂ ಆಟವನ್ನು ಕಾಣಿಸುವ ಶಕ್ತಿ ಅದಕ್ಕಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದರಷ್ಟೆ; ಹೀಗಾಗಿ ಬಾನುಲಿ ನಮಗೆ ಮನೆಯ ಮಗುವೇ ಸರಿ. ಇವೆರಡಕ್ಕಿಂತ ದೀರ್ಘಾಯು ಗ್ರಂಥ.

ಈಗ ನಮ್ಮ ಸುತ್ತ ನೋಡೋಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಗರಡಿಮನೆಯ ಮಟ್ಟಿಯಲ್ಲಿ ಹೊರಳಿದ ಪೈಲ್ವಾನನಿಗೆ, ಶಾಲೆಯ ಅಂಗಳದಲ್ಲಿ ಖೊಖೊ ಆಡಿದ ಹುಡುಗಿಗೆ, ದಾಖಲೆಯ ಪುಸ್ತಕವೂ ಇಲ್ಲ. ಅವರ ಪಟ್ಟುಗಳು, ಗುರುಗಳ ಹೆಸರುಗಳು ಕೇವಲ ನೆನಪಿನಲ್ಲಿವೆ. ಮುದುಕನೊಬ್ಬ ಕಣ್ಮುಚ್ಚಿದರೆ ಒಂದು ಗರಡಿಯ ಚರಿತ್ರೆಯೇ ಮಣ್ಣಾಗುತ್ತದೆ.

ಕನ್ನಡವನ್ನು ಓದಿ ಪದವಿ ಪಡೆಯುವ ತರುಣರಿಗೆ ಇದಕ್ಕಿಂತ ಹತ್ತಿರದ ಕೆಲಸವುಂಟೆ? ದೊಡ್ಡ ಪತ್ರಿಕೆಯ ಹುದ್ದೆಗಾಗಿ ಕಾಯಬೇಕಿಲ್ಲ. ತಮ್ಮ ಊರಿನ ಹಿರಿಯ ಪೈಲ್ವಾನರ ಜಗಲಿಯಲ್ಲಿ ಒಂದು ಸಂಜೆ ಕುಳಿತು, ಅವರಿಗೆ ಪಾಠ ಹೇಳಿದ ಉಸ್ತಾದರು ಯಾರೆಂದು ಕೇಳಿ ಬರೆದುಕೊಂಡರೂ ಸಾಕು. ಗ್ರಂಥದ ಮೊದಲ ಪುಟ ಅಲ್ಲಿಯೇ ಸಿದ್ಧವಾಗುತ್ತದೆ.