ಕಣ್ಣಿಗೊಂದು ಕ್ರೋಮ್, ಕೈಗೊಂದು

ಹದಿನೆಂಟು ವರ್ಷದ ನನ್ನ ಕಾರು ಹೋದ ಬೇಸಿಗೆಯಲ್ಲಿ ನನ್ನ ಬೆರಳು ಕೊಯ್ಯಿತು. ಅಪಘಾತವೇನೂ ಆಗಿರಲಿಲ್ಲ. ಮನೆ ಮುಂದೆ ನಿಲ್ಲಿಸಿ, ಇಳಿಯೋಣವೆಂದು ಬಾಗಿಲ ಒಳಹಿಡಿ ಎಳೆದೆ. ತೋರುಬೆರಳಿಗೆ ಬ್ಲೇಡು ಸವರಿದ ಹಾಗಾಯಿತು. ಬಗ್ಗಿ ನೋಡಿದರೆ ಹಿಡಿಯ ಹಿಂಬದಿಯಲ್ಲಿ ಕ್ರೋಮ್ ಎದ್ದು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಲೋಹದ ಚೂರೊಂದು ಅಂಚು ಸುರುಳಿಸಿಕೊಂಡು ನಿಂತಿದೆ. ಅದರಡಿ ಹಾಲಿನ ಕೆನೆ ಬಣ್ಣದ ಪ್ಲಾಸ್ಟಿಕ್. ಇಷ್ಟು ವರ್ಷ ಸ್ಟೀಲೆಂದು ನಂಬಿ ಎಳೆಯುತ್ತಿದ್ದುದು ಅದನ್ನೇ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿದವು. ಏಸಿ ಗಾಳಿ ಬರುವ ದುಂಡು ಕಿಂಡಿಗಳ ಬಳೆ ಮಂಕಾಗಿತ್ತು. ಗೇರ್ ಗುಂಡಿನ ಸುತ್ತಲ ಪಟ್ಟಿ ಉಂಗುರ ತಾಗಿ ತಾಗಿ ಕಪ್ಪಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ನಾಲ್ಕು ಅಂಗಡಿ ಹತ್ತಿಳಿದರೂ ಉತ್ತರ ಒಂದೇ: "ಆ ಗಾಡೀನೇ ಬಂದ್ ಆಗಿದೆ ಸಾರ್, ಹಿಡಿ ಎಲ್ಲಿಂದ ತರೋದು?" ಐದನೆಯವರು ಮಾತ್ರ, ಅಲ್ಲೇ ಹಿಂದಿನ ಗಲ್ಲಿಯಲ್ಲಿ ಒಬ್ಬ ಪೇಂಟ್ ಮೇಸ್ತ್ರಿ ಇಂಥ ಸಣ್ಣ ಕೆಲಸ ಮಾಡುತ್ತಾರೆ, ಕೇಳಿ ನೋಡಿ ಅಂದರು.

ಮೇಸ್ತ್ರಿ ಬಿಚ್ಚಿ ತಂದ ಸಾಮಾನನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡರು. ಬಣ್ಣದ ಡಬ್ಬಿಗೆ ಕೈ ಹಾಕುವ ಮುಂಚೆ ಅವರು ತೆಗೆದದ್ದು ಎಲೆಕ್ಟ್ರಿಷಿಯನ್‌ಗಳ ಮಲ್ಟಿಮೀಟರು. ಅದರ ಎರಡು ಕಡ್ಡಿಗಳನ್ನು ಬಾಗಿಲ ಹಿಡಿಗೆ ಮುಟ್ಟಿಸಿದಾಗ ಕೀಂ ಅಂತು. ಏಸಿ ಬಳೆಗೆ ಮುಟ್ಟಿಸಿದಾಗ ಸದ್ದಿಲ್ಲ. "ನೋಡಿ ಸಾರ್, ಎರಡೂ ಹೊಳೀತಾವೆ, ಆದ್ರೆ ಇವೆರಡಕ್ಕೂ ಸಂಬಂಧಾನೇ ಇಲ್ಲ" ಅಂದರು. ಅಲ್ಲಿಂದ ಶುರುವಾಯಿತು ನನ್ನ ಪಾಠ.

ನಾವು ಹೊಳೆಯುವುದಕ್ಕೆಲ್ಲ ಕ್ರೋಮ್ ಅನ್ನುತ್ತೇವೆ. ಕೀಂ ಅಂದದ್ದು ನಿಜವಾದ ಲೋಹದ ಮುಲಾಮು. ಸುಮ್ಮನಿದ್ದದ್ದು ಅಲ್ಯುಮಿನಿಯಂ: ಗಾಳಿಯನ್ನೆಲ್ಲ ಹೀರಿ ತೆಗೆದ ಪೆಟ್ಟಿಗೆಯೊಳಗೆ ಲೋಹವನ್ನು ಆವಿ ಮಾಡಿ, ಆ ಆವಿ ಪ್ಲಾಸ್ಟಿಕ್ಕಿನ ಮೇಲೆ ಕೂರುವಂತೆ ಮಾಡಿ, ಮೇಲೊಂದು ಪಾರದರ್ಶಕ ಲ್ಯಾಕರ್ ಬಳಿದಿರುತ್ತಾರೆ. ಮೀಟರಿನ ಕಡ್ಡಿಗೆ ತಾಗಿದ್ದು ಆ ಲ್ಯಾಕರು, ಅದಕ್ಕೇ ಸದ್ದಿಲ್ಲ. ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುವುದೂ, ಹೆಡ್‌ಲೈಟಿನೊಳಗಿನ ಕನ್ನಡಿ ಬಟ್ಟಲೂ ಇದೇ ವಿದ್ಯೆ. ಇನ್ನು ಮೂರನೆಯ ಜಾತಿ, ಬಿಸಿ ಅಚ್ಚಿನಲ್ಲಿ ಒತ್ತಿ ಅಂಟಿಸಿದ ಹೊಳಪು ಹಾಳೆ. ಅದು ಮದುವೆ ಕಾಗದದ ಮೇಲಿನ ಚಿನ್ನದಕ್ಷರದ ದಾಯಾದಿ, ಹೆಚ್ಚು ಹೇಳುವಂಥದ್ದಿಲ್ಲ.

ಕೀಂ ಅಂದ ಜಾತಿಯ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ಬೀದಿಗೆ ಕಲಾಯಿಯವನು ಬರುತ್ತಿದ್ದ ಕಾಲ ನೆನಪಿದ್ದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಹಿತ್ತಾಳೆ ಪಾತ್ರೆಯನ್ನು ತಿದಿಯ ಬೆಂಕಿಯಲ್ಲಿ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಉಜ್ಜಿ ಬಟ್ಟೆಯಿಂದ ಒಂದು ಸುತ್ತು ಸವರಿದರೆ ಬೆಳ್ಳಿ. ಬಿಸಿ ಲೋಹ ಲೋಹವನ್ನು ಕರೆದುಕೊಳ್ಳುತ್ತದೆ. ಪ್ಲಾಸ್ಟಿಕ್ಕನ್ನು ಹಾಗೆ ಕಾಯಿಸುವಂತಿಲ್ಲ, ಅದರಲ್ಲಿ ಕರೆಂಟೂ ಹರಿಯುವುದಿಲ್ಲ. ಹಾಗಿದ್ದರೆ ಲೋಹ ಹಿಡಿದುಕೊಳ್ಳುವುದು ಏನನ್ನು?

ಗುಟ್ಟು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಹೆಸರಿನಲ್ಲೇ ಇದೆ. ಅಕ್ರಿಲೋನೈಟ್ರೈಲ್, ಬ್ಯೂಟಡೈಈನ್, ಸ್ಟೈರೀನ್. ನಡುವಿನ ಬ್ಯೂಟಡೈಈನ್ ಅಂದರೆ ರಬ್ಬರು. ರವೆ ಉಂಡೆಯಲ್ಲಿ ದ್ರಾಕ್ಷಿ ಹುದುಗಿದಂತೆ ಅದರ ಕಣಗಳು ಪ್ಲಾಸ್ಟಿಕ್ಕಿನಲ್ಲಿ ಹುದುಗಿರುತ್ತವೆ. ಸುಮಾರು 65 ಡಿಗ್ರಿ ಬಿಸಿಯ ಕ್ರೋಮಿಕ್ ಆಮ್ಲ, ಗಂಧಕಾಮ್ಲದ ತೊಟ್ಟಿಯಲ್ಲಿ ಕೆಲವು ನಿಮಿಷ ಮುಳುಗಿಸಿದರೆ ಆಮ್ಲ ಮೇಲ್ಮೈಯ ದ್ರಾಕ್ಷಿಗಳನ್ನಷ್ಟೇ ಆರಿಸಿ ತಿನ್ನುತ್ತದೆ. ಉಳಿಯುವುದು ಕಣ್ಣಿಗೆ ಕಾಣದ ಸಾವಿರಾರು ಗುಳಿ. ಆ ಗುಳಿಗಳಲ್ಲಿ ಪಲ್ಲೇಡಿಯಂ ಕಣ ಕೂರಿಸುತ್ತಾರೆ. ಅದರ ಮೇಲೆ ಕರೆಂಟಿಲ್ಲದೆಯೇ ನಿಕ್ಕಲ್ ಬೆಳೆಯುತ್ತದೆ. ಅಲ್ಲಿಗೆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುತ್ತದೆ, ಮುಂದಿನದೆಲ್ಲ ಮಾಮೂಲಿ ಪ್ಲೇಟಿಂಗ್. ಮೊದಲು ತಾಮ್ರ, ಆಮೇಲೆ ಹೊಳಪು ನಿಕ್ಕಲ್, ಕಟ್ಟಕಡೆಗೆ ಕ್ರೋಮ್. 1960ರ ದಶಕದಲ್ಲಿ ಕಾರು ಕಾರ್ಖಾನೆಗಳು ಈ ದಾರಿ ಹಿಡಿದ ಮೇಲೆ ಸತುವಿನ ಎರಕದ ಹಿಡಿಗಳು ಒಂದೊಂದಾಗಿ ಮರೆಯಾದವು.

ಇಷ್ಟೆಲ್ಲ ಆಗಿ ಹೆಸರು ಹೊತ್ತ ಕ್ರೋಮ್ ಇರುವುದೆಷ್ಟು ಅಂತೀರಿ? ಸುಮಾರು ಕಾಲು ಮೈಕ್ರಾನ್. ತಲೆಗೂದಲು ಎಪ್ಪತ್ತು ಮೈಕ್ರಾನ್ ದಪ್ಪ ಅಂದುಕೊಂಡರೆ, ಅದರಲ್ಲಿ ಇನ್ನೂರೆಂಬತ್ತನೆಯ ಒಂದು ಪಾಲು. ಕನ್ನಡಿ ಹೊಳಪು ಕೊಡುವುದು ಅಡಿಯ ನಿಕ್ಕಲ್. ಅದು ಕೊಂಚ ಹಳದಿ, ಗಾಳಿಗೆ ಮಾಸುವ ಜಾತಿ. ಅದಕ್ಕೆ ನೀಲಿಛಾಯೆಯ ಗಟ್ಟಿ ಮುಸುಕು ಹಾಕುವುದಷ್ಟೇ ಕ್ರೋಮಿನ ಕೆಲಸ. ಹೆಸರಿನಲ್ಲೂ ಒಂದು ತಮಾಷೆಯಿದೆ. 1797ರಲ್ಲಿ ಫ್ರಾನ್ಸಿನ ವೋಕ್ಲ್ಯಾಂ ಈ ಧಾತುವನ್ನು ಕಂಡುಹಿಡಿದಾಗ, ಇದರ ಸಂಯುಕ್ತಗಳ ಬಗೆಬಗೆಯ ಬಣ್ಣಕ್ಕೆ ಮರುಳಾಗಿ ಗ್ರೀಕಿನಲ್ಲಿ ಬಣ್ಣ ಎಂಬರ್ಥದ ಪದದಿಂದ ಹೆಸರು ಕಟ್ಟಿದರು. ಬಣ್ಣವೇ ಇಲ್ಲದ ಹೊಳಪಿಗೆ ಬಣ್ಣದ ಹೆಸರು.

ಹಿಡಿಯ ಮೇಲಿನ ಲೋಹ ಎದ್ದದ್ದು ಯಾಕೆ? ಬಿಸಿಲಿಗೆ ಎಬಿಎಸ್ ಹಿಗ್ಗುವುದು ತಾಮ್ರ, ನಿಕ್ಕಲ್‌ಗಳಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಗಾಜು ಮುಚ್ಚಿ ಬಯಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹಗಲು ಹಿಗ್ಗು, ರಾತ್ರಿ ಕುಗ್ಗು. ನಡುವಿನ ಮೆತ್ತನೆಯ ತಾಮ್ರ ಈ ಜಗ್ಗಾಟವನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ, ಒಂದು ದಿನ ಅಂಚಿನಲ್ಲಿ ಬಿಡುತ್ತದೆ. ಅಲ್ಲಿಂದ ಬೆವರು ಒಳಗೆ ಹೋಗುತ್ತದೆ. ಏಸಿ ಬಳೆಯದು ಬೇರೆ ಕಥೆ, ಅಲ್ಲಿ ಮೇಲಿನ ಲ್ಯಾಕರ್ ಸವೆದರೆ ಅಲ್ಯುಮಿನಿಯಂ ಒಂದೇ ಒರಸಿಗೆ ಹೋಗುತ್ತದೆ. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡ ಕೈಯಲ್ಲೇ ಎಲ್ಲ ಮುಟ್ಟಿ ಮುಟ್ಟಿ ಎಷ್ಟೋ ಗಾಡಿಗಳ ಹೊಳಪು ಎದ್ದುಬಂತು ಅನ್ನುತ್ತಾರೆ ಮೇಸ್ತ್ರಿ.

"ಪೀಣ್ಯದಲ್ಲಿ ಪ್ಲೇಟಿಂಗಿನವರಿಗೆ ಕೊಟ್ಟು ಮತ್ತೆ ಕ್ರೋಮ್ ಮಾಡಿಸಿದರಾಯ್ತಲ್ಲ?" ಎಂದೆ. ಅವರು ನಕ್ಕರು. ಅಂಬಾಸಿಡರ್, ಫಿಯಟ್ಟಿನ ಲೋಹದ ಹಿಡಿಯಾದರೆ ಪ್ಲೇಟಿಂಗಿನವರು ಕೈಚಾಚಿ ತೆಗೆದುಕೊಳ್ಳುತ್ತಾರೆ. ಹಳೆಯ ಪ್ಲಾಸ್ಟಿಕ್ ಎಂದರೆ ಬಾಗಿಲಲ್ಲೇ ವಾಪಸ್. ಹಳೆಯ ಪದರ ಆಮ್ಲದಲ್ಲಿ ಬಿಡಿಸಬೇಕು, ಒಣಗಿ ಪೆಡಸಾದ ಪ್ಲಾಸ್ಟಿಕ್ ಬಿಸಿ ತೊಟ್ಟಿಯಲ್ಲಿ ಸೊಟ್ಟಗಾಗಬಹುದು, ಆಗಲೇ ಒಮ್ಮೆ ರಬ್ಬರು ಕಳೆದುಕೊಂಡ ಮೈಯಲ್ಲಿ ಹೊಸ ಗುಳಿ ಸರಿಯಾಗಿ ಏಳುವ ಖಾತ್ರಿಯಿಲ್ಲ. ಒಂದು ಹಿಡಿಗಾಗಿ ತೊಟ್ಟಿ ಕೆಡಿಸಿಕೊಳ್ಳುವವರು ಯಾರು?

ಪ್ಲೇಟಿಂಗಿನವರು ಒಪ್ಪದಿದ್ದುದೇ ಒಳ್ಳೆಯದಾಯಿತೆಂದು ನನಗೆ ಈಗ ಅನಿಸುತ್ತದೆ. ಗುಳಿ ತೆಗೆಯುವ ಆ ಕ್ರೋಮಿಕ್ ಆಮ್ಲದಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವ ವಸ್ತು. ತೊಟ್ಟಿಯ ಆವಿಯಲ್ಲಿ ವರ್ಷಗಟ್ಟಲೆ ದುಡಿದವರ ಮೂಗಿನ ನಡುಗೋಡೆಯೇ ತೂತಾಗಬಹುದು. ಪೀಣ್ಯದ ಅಂತರ್ಜಲಕ್ಕೆ ಇದು ಇಳಿದಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಪರವಾನಗಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ನೆಲದೊಳಗೆ ಅದಿರಾಗಿದ್ದಾಗ ಕ್ರೋಮಿಯಂನದು ಇಷ್ಟು ಉಪದ್ರವವಿಲ್ಲ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ ತೆಗೆದ ಕ್ರೋಮೈಟ್ ಅದೇ ಧಾತುವಿನ ಕಪ್ಪು ಕಲ್ಲು.

ಮೇಸ್ತ್ರಿಯ ದಾರಿ ಬೇರೆ. ಏಸಿ ಬಳೆಗಳನ್ನು ಕಾಸ್ಟಿಕ್ ಸೋಡಾ ಬೆರೆಸಿದ ನೀರಿಗೆ ಹಾಕಿದರು. ಗೀರುಗಳಿಂದ ಒಳನುಸುಳಿದ ನೀರು ಸಣ್ಣಗೆ ಗುಳ್ಳೆಯೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಹೊಳಪೆಲ್ಲ ಕರಗಿ ಬರೀ ಪ್ಲಾಸ್ಟಿಕ್ ಉಳಿಯಿತು. ಥಿನ್ನರ್ ಮುಟ್ಟಿಸಲೇ ಇಲ್ಲ, ಅದು ಎಬಿಎಸ್ಸನ್ನು ಬೆಲ್ಲದಂತೆ ಕರಗಿಸುತ್ತದೆ. ಆಮೇಲೆ 800, 1500, 2000 ನಂಬರಿನ ವಾಟರ್ ಪೇಪರು, ಪ್ರೈಮರು, ಕನ್ನಡಿಯಂಥ ಕಪ್ಪು ಬಣ್ಣ. ಎರಡು ದಿನದ ಕೆಲಸದಲ್ಲಿ ಒಂದೂವರೆ ದಿನ ಹೋದದ್ದು ಇದಕ್ಕೇ. ಕಪ್ಪಿನಲ್ಲಿ ಒಂದು ಧೂಳಿನ ಕಣ ಕೂತರೂ ಬೆಳ್ಳಿಯಲ್ಲಿ ಅದು ಮೊಡವೆಯಾಗಿ ಕಾಣುತ್ತದಂತೆ.

ಬೆಳ್ಳಿ ಅಂದದ್ದು ಮಾತಿಗಲ್ಲ. ತವರದ ಲವಣದ ನೀರು ಬಿಟ್ಟು ತೊಳೆದ ಮೇಲೆ, ಎರಡು ಮೂತಿಯ ಸ್ಪ್ರೇ ಗನ್ನು ಹಿಡಿದರು. ಒಂದರಿಂದ ಸಿಲ್ವರ್ ನೈಟ್ರೇಟಿನ ದ್ರಾವಣ, ಇನ್ನೊಂದರಿಂದ ಅದನ್ನು ಲೋಹವಾಗಿಸುವ ದ್ರಾವಣ, ಎರಡೂ ಬಳೆಯ ಮೇಲೆಯೇ ಸೇರಬೇಕು. ಕಪ್ಪು ಮೈ ಮೊದಲು ಕಂದಿತು, ಕಷಾಯದ ಬಣ್ಣಕ್ಕೆ ತಿರುಗಿತು, ಇದೇನು ಕೆಟ್ಟುಹೋಯಿತೆ ಎನ್ನುವಷ್ಟರಲ್ಲಿ ಒಳಗಿನಿಂದ ಕನ್ನಡಿ ಎದ್ದುಬಂತು. ಮೇಲಿನ ಟ್ಯೂಬ್‌ಲೈಟು ಬಳೆಯ ಸುತ್ತ ಬಿಳಿ ಗೆರೆಯಾಗಿ ಹರಿಯಿತು. ಪಿಯುಸಿಯಲ್ಲಿ ಟಾಲೆನ್ಸ್ ಪರೀಕ್ಷೆ ಮಾಡಿದವರು ಇದನ್ನು ಪ್ರನಾಳದಲ್ಲಿ ನೋಡಿರುತ್ತಾರೆ. ಜರ್ಮನಿಯ ಲೀಬಿಗ್ 1835ರಲ್ಲಿ ಗುರುತಿಸಿದ ಕ್ರಿಯೆಯೇ ಇದು, ನಮ್ಮ ಮನೆಗಳಿಗೆ ಬೆಳ್ಳಿ ಲೇಪದ ಗಾಜಿನ ಕನ್ನಡಿ ಬಂದದ್ದು ಇದರಿಂದ. ದ್ರಾವಣ ಉಳಿದರೆ ಎತ್ತಿಡುವುದಿಲ್ಲ, ಹಳತಾದರೆ ಸಿಡಿಯುವ ಗುಣ ಅದಕ್ಕಿದೆ. ಆದ್ದರಿಂದ ಅವರು ಆಯಾ ಕೆಲಸಕ್ಕೆ ಬೇಕಾದಷ್ಟೇ ಕಲಸುತ್ತಾರೆ. ಕೊನೆಗೆ ಕ್ಲಿಯರ್ ಕೋಟ್, ಅದರಲ್ಲಿ ಒಂದು ಹನಿ ನೀಲಿ. ಬೆಳ್ಳಿಯ ಹಳದಿ ಮುರಿದು ಕ್ರೋಮಿನ ತಂಪು ಬರಲೆಂದು, ಬಿಳಿ ಪಂಚೆಗೆ ನೀಲಿ ಹಾಕುವ ಹಾಗೆ.

ನನಗೆ ಆಸೆ ಹುಟ್ಟಿತು. ಹಿಡಿಗೂ ಇದನ್ನೇ ಹೊಡೆಯಿರಿ ಎಂದೆ. ಅವರು ಆಗುವುದಿಲ್ಲ ಎಂದರು. "ಇದು ಕಣ್ಣು ಮುಟ್ಟೋ ಜಾಗ ಸಾರ್, ಅದು ಕೈ ಮುಟ್ಟೋ ಜಾಗ. ದಿನಕ್ಕೆ ಹತ್ತು ಸಲ ಉಗುರು ತಾಗುತ್ತೆ, ಆರು ತಿಂಗಳಿಗೆ ನನ್ನ ಹತ್ರಾನೇ ಬರ್ತೀರಿ." ದುಡ್ಡು ಬರುವ ಕೆಲಸವನ್ನು ಹೀಗೆ ತಳ್ಳಿದ್ದು ನನಗೆ ಹಿಡಿಸಿತು. ಜೆ.ಸಿ. ರಸ್ತೆಯಲ್ಲಿ ಸಿಗುವ ಕ್ರೋಮ್ ಸ್ಪ್ರೇ ಡಬ್ಬಿಯ ಬಗ್ಗೆ ಕೇಳಿದ್ದಕ್ಕೆ, ಅದು ಗೇಟಿಗೆ ಹೊಡೆಯುವ ಅಲ್ಯುಮಿನಿಯಂ ಬಣ್ಣದ ಅಕ್ಕತಂಗಿ ಎಂದು ಮಾತು ಮುಗಿಸಿದರು. ಹೊಳಪು ಶಾಯಿಯ ಪೆನ್ನಿನಿಂದ ಗೇರ್ ಪಟ್ಟಿಯ ಸಣ್ಣ ಗೆರೆ ಮಾತ್ರ ಎಳೆದುಕೊಟ್ಟರು. ಹಿಡಿಗೆ ಅವರು ಹೇಳಿದ್ದು ಎರಡೇ ದಾರಿ: ಶಿವಾಜಿನಗರದ ಗುಜರಿಯಲ್ಲಿ ಅದೇ ಗಾಡಿಯ ಒಳ್ಳೆಯ ಹಿಡಿ ಹುಡುಕುವುದು, ಇಲ್ಲವೇ ಎದ್ದ ಲೋಹವನ್ನೆಲ್ಲ ಕಿತ್ತು ಅಂಚು ಸಮ ಮಾಡಿ, ಮಂಕು ಬೆಳ್ಳಿಬಣ್ಣ ಹೊಡೆದು ಗಟ್ಟಿ ಕ್ಲಿಯರ್ ಹಾಕುವುದು. ಕನ್ನಡಿಯಾಗಿ ಹೊಳೆಯುವುದಿಲ್ಲ, ಬೆರಳನ್ನೂ ಕೊಯ್ಯುವುದಿಲ್ಲ.

ಎರಡು ಭಾನುವಾರ ಗುಜರಿ ಸುತ್ತಿದೆ. ಸಿಕ್ಕಿದ ಮೂರು ಹಿಡಿಗಳೂ ನನ್ನದಕ್ಕಿಂತ ಹೆಚ್ಚು ಸುಲಿದಿದ್ದವು. ಕೊನೆಗೆ ಮಂಕು ಬೆಳ್ಳಿಗೆ ಒಪ್ಪಿದೆ.

ಹಿಡಿ ಕೂರಿಸಿಕೊಟ್ಟ ದಿನ, ಕ್ಲಿಯರ್ ಪೂರ್ತಿ ಗಟ್ಟಿಯಾಗಲು ಎಂಟು ದಿನ ಬೇಕು, ಅಲ್ಲಿಯವರೆಗೆ ಮುಟ್ಟಲೇಬಾರದು ಎಂದು ಕಟ್ಟಪ್ಪಣೆ ಮಾಡಿದರು. ಹಾಗಾಗಿ ಎಂಟು ದಿನ ಕಾರು ನಿಲ್ಲಿಸಿದಾಗಲೆಲ್ಲ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ಎಳೆದು ಇಳಿದೆ. ಮೂರನೆಯ ದಿನ ಪಕ್ಕದ ಮನೆಯವರು ತಡೆಯಲಾರದೆ ಕೇಳಿದರು: "ಡೋರ್ ಕೆಟ್ಟಿದೆಯೇನ್ರೀ? ರಿಪೇರಿ ಮಾಡಿಸಬಾರದೇ?"